ಚಡಪಡಿಕೆ ಚಿಕ್ಕಮ್ಮನ ಸೆಕ್ಷನ್ ಬ್ರೇಕ್

ಕಾಲೇಜಿನ ಎದುರು ಟೈಪಿಂಗ್ ಅಂಗಡಿ ಇಟ್ಟಿರುವಾಕೆಯನ್ನು ಹುಡುಗರೆಲ್ಲ ಚಡಪಡಿಕೆ ಚಿಕ್ಕಮ್ಮ ಎನ್ನುತ್ತಾರೆ. ಫೈಲನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆ ಅಂಚು, ಬೇರೆ ಪುಟಸಂಖ್ಯೆ ಇಡಲು ಬಿಡುವ ಸೆಕ್ಷನ್ ಬ್ರೇಕ್ ಬೇಡದ ಕಡೆ ಕಂಡರೆ ಆಕೆಗೆ ಮೈಯೆಲ್ಲ ಉರಿಯುತ್ತದೆ. ಗಿರಾಕಿ ಪೆನ್‌ಡ್ರೈವ್ ಕೊಡುವಷ್ಟರಲ್ಲೇ ಮೇಜಿನಡಿ ಕಾಲು ಕುಣಿಯತೊಡಗುತ್ತದೆ. ಅಡಗಿರುವ ಗುರುತುಗಳನ್ನೆಲ್ಲ ಪರದೆಗೆಳೆದು, ಬ್ರೇಕಿನ ಚುಕ್ಕಿಗಳ ಜೋಡಿಗೆರೆ ಕಂಡಲ್ಲಿ ಕರ್ಸರ್ ಇಟ್ಟು ಡಿಲೀಟ್ ಒತ್ತುತ್ತಾಳೆ. "ಅಯ್ಯೋ, ಇಲ್ಲೊಂದು! ಯಾರ್ರೀ ಹಾಕಿದ್ದು ಇದನ್ನ? ಅರ್ಧ ಪುಟ ಖಾಲಿ ಬಿದ್ದಿದೆ, ಕಾಣ್ಸಲ್ವಾ?" ಎಂದು ಪ್ರೊಫೆಸರನ್ನೂ ಬಿಡದೆ ಗದರುತ್ತಾಳೆ. ಊಟದ ಡಬ್ಬಿ ತೆರೆದರೂ ಒಂದು ಕೈ ಮೌಸಿನ ಮೇಲೆಯೇ. ಯಾರಾದರೂ ಮದುವೆಗೆ ಕರೆದರೆ ಪತ್ರಿಕೆಯ ಅಂಚು ಸರಿಯಿದೆಯೇ ಎಂದು ನೋಡಿದ ಮೇಲೆಯೇ ಗಂಡು ಯಾರು, ಹೆಣ್ಣು ಯಾರು ಎಂಬ ವಿಚಾರಣೆ. ಮೊನ್ನೆ ನಿವೃತ್ತ ನರ್ಸಮ್ಮ ಒಬ್ಬರು ಅಚ್ಚಿಗೆ ಕೊಡಲೆಂದು ಪೆನ್‌ಡ್ರೈವಿನಲ್ಲಿ ಒಂದು ಪುಸ್ತಕ ತಂದರು. ಮೊದಲರ್ಧ ತೀರಿಹೋದ ಅವರ ಅಕ್ಕ ಬರೆದದ್ದು, ಉಳಿದದ್ದು ಇವರೇ ಬರೆದು ಮುಗಿಸಿದ್ದು. ನಡುವಿನ ಬ್ರೇಕ್ ಕಂಡದ್ದೇ ತಡ, ಚಿಕ್ಕಮ್ಮ ಒತ್ತಿಯೇಬಿಟ್ಟಳು. ಅಕ್ಕನ ಪುಟಗಳ ಅಗಲವಾದ ಅಂಚೆಲ್ಲ ತಂಗಿಯ ಪುಟಗಳಂತೆ ಕಿರಿದಾಯಿತು. "ಅಯ್ಯೋ, ಅಂಚು ಎಲ್ಲೋಯ್ತಮ್ಮಾ?" ನರ್ಸಮ್ಮ ಎದ್ದು ನಿಂತರು. "ನಾನು ಓದಿ ಪಕ್ಕದಲ್ಲಿ ಏನಾದ್ರೂ ಬರೀಲಿ ಅಂತ ಅಕ್ಕ ಅಷ್ಟು ಜಾಗ ಬಿಟ್ಟಿದ್ಲು. ಅವಳಿರೋವರ್ಗೂ ನಂಗೆ ಪುರುಸೊತ್ತೇ ಆಗ್ಲಿಲ್ಲ." ಚಿಕ್ಕಮ್ಮ ಅಳಿಸಿದ್ದನ್ನು ವಾಪಸ್ ತಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಈ ಬ್ರೇಕ್ ಇರ್ಲಿ ಬಿಡಿ. ಪುಟದ ನಂಬರ್ ಮಾತ್ರ ನಿಮ್ಮಕ್ಕ ನಿಲ್ಸಿದ ಕಡೆಯಿಂದ್ಲೇ ಮುಂದುವರೆಸ್ತೀನಿ."