ಅತ್ತೆಯವರ ಅಂಗೈಯಲ್ಲಿ ಒಂದು ಚಮಚ ಸಿಹಿ

ದೂರದ ಪ್ರಯಾಣಕ್ಕೆ ಪೆಟ್ಟಿಗೆ ತುಂಬುವ ಕೆಲಸ ನನಗೆ ಪ್ರಿಯವಾದದ್ದು; ಸೀರೆಗೊಂದು ಮೂಲೆ, ಪುಸ್ತಕಕ್ಕೊಂದು ಮೂಲೆ, ಔಷಧಿಗೊಂದು ಚೀಲ. ಆ ಸಲ ನನ್ನ ಅಚ್ಚುಕಟ್ಟಿನ ಪಕ್ಕದಲ್ಲೇ ಅತ್ತೆಯವರ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು: ಅವಲಕ್ಕಿ, ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ, ಎಲ್ಲದರ ಮೇಲೆ ಸಂಕೋಚದಿಂದ ಎರಡು ಸೀರೆ. ಹೊರಟಿದ್ದದ್ದು ಹಿಂದೆ ಯುಗೊಸ್ಲಾವಿಯ ಎನಿಸಿದ್ದ ನಾಡಿಗೆ.

ಬಾಲ್ಕನ್ ನಾಡುಗಳಲ್ಲಿ ಎರಡು ವಾರ, ಹನ್ನೊಂದೇ ಮಂದಿಯ ಗುಂಪು, ಜೊತೆಗೊಬ್ಬಳು ಮಾರ್ಗದರ್ಶಿ: ನನ್ನ ಗಂಡ ನಮ್ಮಿಬ್ಬರಿಗೆಂದು ಆರಿಸಿದ್ದ ಪ್ರವಾಸವಿದು. ಕೊನೆಯ ವಾರದಲ್ಲಿ ಅವರ ಆಫೀಸಿನ ಮೀಟಿಂಗುಗಳು ಅಡ್ಡ ಬಂದವು. "ನನ್ನ ಬದಲು ಅಮ್ಮನ್ನ ಕರ್ಕೊಂಡು ಹೋಗು," ಎಂದರು. ಉಡುಪಿಯಿಂದ ಬಂದ ಅತ್ತೆ ಅಮೆರಿಕದ ಲಾಸ್ ಆಲ್ಟೋಸಿನ ನಮ್ಮ ಮನೆಯಲ್ಲಿದ್ದು ಆಗಲೇ ಎಂಟು ತಿಂಗಳಾಗಿತ್ತು. ನಮ್ಮ ನಡುವೆ ಕಟುಮಾತು ಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ಮಾತೇ ಹೆಚ್ಚು ಬಂದಿರಲಿಲ್ಲ. ಮೈಸೂರಿನಲ್ಲಿ ಬೆಳೆದು ಬರ್ಕ್ಲಿಯಲ್ಲಿ ಓದು ಮುಗಿಸಿದ ನಾನು ಮೊದಲಿನಿಂದಲೂ ಮಿತಭಾಷಿ. ಬೆಳಿಗ್ಗೆ ಅವರ ಕೋಣೆಗೇ ಕಾಫಿ ಒಯ್ಯುತ್ತಿದ್ದೆ, ಒಂದು ಬೆಂಡೆಕಾಯಿ ಹೆಚ್ಚಲೂ ಬಿಡುತ್ತಿರಲಿಲ್ಲ. ಒಳ್ಳೆಯ ಸೊಸೆ ಇದಕ್ಕಿಂತ ಹೆಚ್ಚೇನು ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ.

ವಿಮಾನದಲ್ಲಿ ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಇದು ಮುಗಿಸಿ ನಾನು ಊರಿಗೆ ಹೋಗ್ತೇನೆ. ಮಗಳ ಮನೆ ಉಂಟಲ್ಲ. ನೆಂಟರ ಹಾಗೆ ಎಷ್ಟು ದಿನ ಅಂತ ಕೂತ್ಕೊಳ್ಳುವುದು?"

ಇರಿ ಎನ್ನಬೇಕೆನಿಸಿತು. ನನ್ನಂಥವರಿಗೆ ಇಂಥ ಮಾತು ಗಂಟಲವರೆಗೆ ಬಂದು, ಅಲ್ಲೇ ಮರ್ಯಾದೆಯಿಂದ ಕೂತುಬಿಡುತ್ತದೆ. ಅದನ್ನು ಹೊತ್ತುಕೊಂಡೇ ನಾನು ಎಷ್ಟೋ ಕಲ್ಲುಸೇತುವೆ, ಮಸೀದಿ, ಮಠಗಳನ್ನು ನೋಡಿದೆ.

ಆರನೆಯ ದಿನ ನಮ್ಮ ಪುಟ್ಟ ಬಸ್ಸು ಸರ್ಬಿಯದ ಒಂದು ಹಳ್ಳಿಮನೆಯ ಮುಂದೆ ನಿಂತಿತು. ಅಲ್ಲಿಯ ಪದ್ಧತಿ ನಿಮಗೂ ಹಿಡಿಸೀತು: ಮನೆಗೆ ಬಂದವರ ಮುಂದೆ ಮೊದಲು ಸಕ್ಕರೆಪಾಕದಲ್ಲಿ ಬೇಯಿಸಿದ ಹಣ್ಣಿನ ಬಟ್ಟಲು, ಪುಟ್ಟ ಚಮಚಗಳು, ತಣ್ಣೀರು ಹಿಡಿಯುತ್ತಾರೆ; ಒಬ್ಬೊಬ್ಬರು ಒಂದೇ ಚಮಚ ತಿಂದು ನೀರು ಕುಡಿದರೆ ಸ್ವಾಗತ ಸಂದಂತೆ. ಗುಂಪಿನ ಅಮೆರಿಕನ್ನರು ಶಿಸ್ತಾಗಿ ತಿಂದರು. ಅತ್ತೆ ಮಾತ್ರ ಸೆರಗು ಹೊದ್ದು, ಬಲಗೈಯನ್ನು ಹಸುವಿನ ಕಿವಿಯಂತೆ ಮಡಿಸಿ, ಚಮಚದ ಹಣ್ಣನ್ನು ಅಂಗೈಗೆ ಸುರಿದುಕೊಂಡು ತಿಂದು, ಆ ಕೈಯನ್ನು ಭಕ್ತಿಯಿಂದ ತಲೆಗೆ ಸವರಿಕೊಂಡರು. ಪಾಕ ಬೈತಲೆಯಲ್ಲಿ ಹೊಳೆಯಿತು.

ಮನೆಯೊಡತಿ ಬೆರಗಾಗಿ ಏನೋ ಕೇಳಿದಳು. ಮಾರ್ಗದರ್ಶಿ ಮಿಲೇನಾ ಅದನ್ನು ನನಗೆ ಇಂಗ್ಲಿಷಿನಲ್ಲಿ ದಾಟಿಸಿದಳು.

"ಎಂತ ಅಂತೆ ಅವಳಿಗೆ?" ಎಂದರು ಅತ್ತೆ.

"ತಲೆಗೆ ಯಾಕೆ ಹಚ್ಕೊಂಡ್ರಿ ಅಂತ ಕೇಳ್ತಿದ್ದಾರೆ, ಅತ್ತೆ."

"ಒಳಗೆ ಕಾಲಿಟ್ಟ ಕೂಡಲೇ ಇಷ್ಟೇ ಇಷ್ಟು ಕೊಟ್ರೆ ತೀರ್ಥ ಅಲ್ಲದೆ ಮತ್ತೆಂತದು ಮಾರಾಯ್ತಿ? ಚಮಚ ಬಾಯಿಗಿಟ್ರೆ ಎಂಜಲಾಗ್ತದೆ, ಅದನ್ನೂ ಹೇಳು."

ಎಂಜಲಿನ ಸಂಗತಿಯನ್ನು ನುಂಗಿ, ಉಳಿದದ್ದನ್ನು ಹೇಳಿದೆ. ಮನೆಯೊಡತಿ ಹೊಟ್ಟೆ ಹಿಡಿದು ನಕ್ಕಳು. ಅತ್ತೆಯವರ ಅಂಟುಗೈಯನ್ನು ಹಿಡಿದು, ತೊಳೆಸಲೆಂದು ಒಳಗೆ ಕರೆದೊಯ್ದಳು. ಅರ್ಧ ಗಂಟೆಯಾದರೂ ಇಬ್ಬರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಅತ್ತೆ ಅಡುಗೆಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೆಂಪು ಮೆಣಸಿನಕಾಯಿಯ ಬೀಜ ತೆಗೆಯುತ್ತಿದ್ದರು. ಒಬ್ಬಳದು ಅವಳ ಭಾಷೆ, ಇನ್ನೊಬ್ಬರದು ಉಡುಪಿಯ ಕನ್ನಡ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು.

"ಕತ್ತಿ ಹಿಡಿಯದೆ ಎಂಟು ತಿಂಗಳಾಯ್ತು. ಕೈ ತುಕ್ಕು ಹಿಡಿದಿತ್ತು ನೋಡು," ಎಂದು ನಕ್ಕರು.

ದೂರಿನ ಸುಳಿವೂ ಇಲ್ಲದ ಆ ನಗೆಯ ಮುಂದೆ ನಾನು ಬಾಗಿಲಲ್ಲೇ ನಿಂತೆ. ಪರದೇಶದ ಹೆಂಗಸೊಬ್ಬಳು ಒಂದು ಚಮಚದ ಉಪಚಾರ ಮುಗಿಸಿ ಅವರನ್ನು ಕೆಲಸಕ್ಕೆ ಹಚ್ಚಿದ್ದಳು. ನಾನು ಎಂಟು ತಿಂಗಳು ಉಪಚಾರವನ್ನೇ ಮಾಡುತ್ತಿದ್ದೆ. ಗೌರವವೆಂದುಕೊಂಡದ್ದರಲ್ಲಿ, ನನ್ನ ಏಕಾಂತವನ್ನು ಕಾಪಾಡಿಕೊಳ್ಳುವ ಜಾಣತನವೂ ಎಷ್ಟಿತ್ತೋ.

ಬಸ್ಸು ಹೊರಟ ಮೇಲೆ, ಅವರ ಮುಖ ನೋಡದೆ ಹೇಳಿದೆ: "ಅತ್ತೆ, ಊರಿಗೆ ಹೋಗ್ಬೇಡಿ. ಅಡುಗೆಮನೆ ಇನ್ಮೇಲೆ ನಿಮ್ದೂ."

ಅವರು ನನ್ನ ಕಡೆ ತಿರುಗಿ ಕೂತರು. "ನಿನ್ನ ಡಬ್ಬಗಳಿಗೆಲ್ಲ ಇಂಗ್ಲಿಷ್ ಚೀಟಿ ಅಂಟಿಸಿದ್ದೀಯಲ್ಲ, ಅದೆಲ್ಲ ನಾನು ಕಿತ್ತು ಬಿಸಾಡ್ತೇನೆ, ಆಗಬಹುದಾ?"

"ಕಿತ್ತುಹಾಕಿ."

ಹೇಳಿದ ಹಾಗೆಯೇ ಮಾಡಿದರು. ಈಗ ನನ್ನ ಅಡುಗೆಮನೆಯಲ್ಲಿ ನನಗೆ ಏನೂ ಸಿಗುವುದಿಲ್ಲ. ಎಣ್ಣೆ ಕಾದಾಗಲೆಲ್ಲ, ಮಿತಭಾಷಿಯಾದ ನಾನು ಮನೆಯೆಲ್ಲ ಕೇಳುವಂತೆ, "ಅತ್ತೇ, ಸಾಸಿವೆ ಎಲ್ಲಿ?" ಎಂದು ಕೂಗಬೇಕು.

"ಕಣ್ಣೆದುರೇ ಉಂಟಲ್ಲ ಮಾರಾಯ್ತಿ!" ಎನ್ನುತ್ತ ಅವರು ಎದ್ದು ಬರುತ್ತಾರೆ.