ಕಡೆಯ ತುತ್ತು ಕಾಕಾನದು

ನಮ್ಮ ಕಾಕಾನ ಬಲಗೈಯ ಉಗುರುಗಳು ವರ್ಷವಿಡೀ ಹಳದಿ. ಹೊಸಬರು ನೋಡಿದರೆ ಕಾಮಾಲೆ ಅಂದುಕೊಳ್ಳಬೇಕು, ಹಾಗೆ. ಎಲ್ಲ ಅರಿಸಿನದ ಕೆಲಸ. ಕಮಲಾಪುರದ ನಮ್ಮ ಮನೆಯಲ್ಲಿ ಬೆಳಗಿನ ಸುಸಲಾ ಕಲೆಸುವುದು ಅವನದೇ ಪಾಲು. ನೆನೆಸಿ ಹಿಂಡಿದ ಚುರುಮುರಿಯನ್ನು ಒಗ್ಗರಣೆಗೆ ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಬರಿಗೈಯಲ್ಲೇ ಮೇಲೆ ಕೆಳಗೆ ಮಾಡುತ್ತಿದ್ದ. ಅವನ ಹೆಂಡತಿ ಕಾಕು ಚಮಚ ಹಿಡಿದು ಬಂದರೆ, "ಚಮಚಾಕ್ಕ ಏನ್ ತಿಳೀತದ, ಬಿಸಿ ಎಷ್ಟದ, ಹಸಿ ಎಷ್ಟದ ಅಂತ?" ಎಂದು ವಾಪಸು ಕಳಿಸುತ್ತಿದ್ದ. ಬಾಳೆ ತೋಟ ಮಾಡಿಕೊಂಡಿದ್ದ ಆ ಮನುಷ್ಯನಿಗೆ ನಾಲಿಗೆಯೊಂದೇ ಚಟ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ. ತಂಗಳ ರೊಟ್ಟಿ ಕೊಟ್ಟರೂ ಪುಡಿ ಮಾಡಿ, ಬಳ್ಳೊಳ್ಳಿ ಒಗ್ಗರಣೆ ಹಾಕಿ, ನಾವು ಬೆರಳು ಚೀಪುವಂತೆ ಮಾಡುತ್ತಿದ್ದ.

ವಾರದಲ್ಲಿ ಒಂದು ದಿನ ಮಾತ್ರ ಮನೆಯ ಒಲೆಗೆ ಬೆಳಿಗ್ಗೆ ರಜೆ. ಆದಿತ್ಯವಾರ ಇಡೀ ಮನೆಯನ್ನು ಮೊದಲ ಬಸ್ಸಿಗೆ ಹತ್ತಿಸಿಕೊಂಡು ಕಾಕಾ ಕಲಬುರಗಿಗೆ ಹೊರಡುತ್ತಿದ್ದ. ಅಪ್ಪ, ಅವ್ವ, ಕಾಕು, ನಾನು, ಕಾಕಾನ ಮಕ್ಕಳಿಬ್ಬರು. ಯಾರೂ ಏನೂ ತಿಂದಿರಬಾರದು. ಬಸ್ಸಿನಲ್ಲಿ ಹಸಿವೆಯಿಂದ ನಾವು ಮುಖ ಸಣ್ಣ ಮಾಡಿದರೆ ಅವನಿಗೆ ಖುಷಿ. ಕೋಟೆ ನೋಡುವುದು, ಕೆರೆ ದಂಡೆಗೆ ಹೋಗುವುದು, ಬಟ್ಟೆ ಅಂಗಡಿ, ಏನಿದ್ದರೂ ನಾಷ್ಟಾ ಆದ ಮೇಲೆ. "ಹಸದ ಕಣ್ಣಿಗಿ ಕೋಟಿನೂ ಕಲ್ಲ ಕಾಣ್ತದ, ಬ್ಯಾರೇನೂ ಕಾಣಂಗಿಲ್ಲ" ಅನ್ನುತ್ತಿದ್ದ.

ನೆಹರು ಗಂಜ್ ಮಾರುಕಟ್ಟೆಯ ಒಂದು ಓಣಿಯಲ್ಲಿ, ತೊಗರಿ ಚೀಲಗಳ ಸಾಲು ದಾಟಿದರೆ, ಅವನು ಮೆಚ್ಚಿದ ಸಣ್ಣ ಹೋಟೆಲು. ಬಾಗಿಲಲ್ಲೇ ಮಿರ್ಚಿ ಭಜಿಯ ಬಾಣಲೆ. ಕಾಕಾ ಮೊದಲು ತನ್ನ ಚೀಲದಿಂದ ಕೆಂಪು ಬಾಳೆಯ ಒಂದು ಹಣಿಗೆ ತೆಗೆದು ಗಲ್ಲೆಯ ಮೇಲಿಡುತ್ತಿದ್ದ. ಮಾಲಕರು, "ಬರ್ರಿ ಅಣ್ಣಾರ, ಪೂರಾ ಫೌಜ್ ತಂದೀರಲ್ಲರಿ" ಎಂದು ಬೆಂಚು ಒರೆಸಿಸುತ್ತಿದ್ದರು. ಆಮೇಲೆ ನಮ್ಮ ಮನೆಯ ಪದ್ಧತಿ ಶುರು. ಒಬ್ಬೊಬ್ಬರಿಗೊಂದು ಪ್ಲೇಟು ತರಿಸುವ ಮಾತೇ ಇಲ್ಲ. ಸುಸಲಾ, ಪೂರಿ, ಇಡ್ಲಿ, ಭಜಿ, ಒಂದೊಂದು ದೊಡ್ಡ ಪ್ಲೇಟು ಬರಬೇಕು, ಬೆಂಚಿನ ಸುತ್ತ ತಿರುಗಬೇಕು. ಎಲ್ಲರಿಗಿಂತ ಸಣ್ಣವರಿಂದ ಶುರು, ಕಡೆಯ ಪಾಳಿ ಕಾಕಾನದು. ಮತ್ತೆ ತಿಂದವರು ಸುಮ್ಮನಿರುವಂತಿಲ್ಲ, ರುಚಿ ಹೇಳಬೇಕು. "ಛಲೋ ಅದ" ಅಂದರೆ ಅವನು ಒಪ್ಪುತ್ತಿರಲಿಲ್ಲ.

"ಛಲೋ ಅಂದ್ರ ಏನೂ ಹೇಳಿದಂಗಲ್ಲ. ಉಪ್ಪ ಹ್ಯಾಂಗದ? ಹುಳಿ ಎಲ್ಲಿ ಹತ್ತಿತು? ಅದನ್ನ ಹೇಳು."

ನಮ್ಮ ಅಪ್ಪ ಮಾತು ಕಡಿಮೆಯ ಮನುಷ್ಯ. ಅವನ ಬಾಯಿಂದಲೂ ಕಾಕಾ, "ನಿಂಬಿಹಣ್ಣ ಸ್ವಲ್ಪ ಹೆಚ್ಚಾಗ್ಯದ" ಎಂದು ಹೊರಡಿಸಿದ್ದ. ಒಂದು ಸಲ ನಾನು ಹಟ ಹಿಡಿದೆ, ಈ ಸಾರಿ ಕಡೆಯ ಪಾಳಿ ನನಗೆ ಬೇಕು ಎಂದು. ಕಾಕಾ ಪ್ಲೇಟನ್ನು ಎದೆಗವಚಿಕೊಂಡ. "ಹುಚ್ಚಿ, ಮಸಾಲಿ ಎಲ್ಲಾ ಕೆಳಗ ಇಳದಿರ್ತದ. ಕಡೀ ತುತ್ತಿನಾಗೇ ಖರೇ ರುಚಿ. ಅದನ್ನ ನಾ ಯಾರಿಗೂ ಬಿಟ್ಟುಕೊಡಂಗಿಲ್ಲ." ಎಂಥ ಜಿಪುಣ ಕಾಕಾ ಎಂದು ನಾವು ಮಕ್ಕಳು ವರ್ಷಗಟ್ಟಲೆ ಆಡಿಕೊಂಡೆವು.

ನನ್ನ ಮದುವೆಯಾಗಿ ಕಲಬುರಗಿಯ ಖೂಬಾ ಪ್ಲಾಟಿಗೆ ಬಂದ ಮೇಲೂ ಆದಿತ್ಯವಾರ ತಪ್ಪಲಿಲ್ಲ. ಅವರು ಕಮಲಾಪುರದಿಂದ ಬರುವುದು, ನಾನು ಗಂಡ, ಮಗಳ ಜೊತೆ ಗಂಜಿನ ಹೋಟೆಲಿಗೆ ಹೋಗುವುದು. ಹೋದ ವರ್ಷ ಒಂದು ಬೆಳಿಗ್ಗೆ ಪ್ಲೇಟು ತನ್ನ ಮುಂದೆ ಬಂದಾಗ ಕಾಕಾ ಅದನ್ನು ಸರಿಸಿಟ್ಟ. "ಗಂಟಲದಾಗ ಯಾಕೋ ಸಿಗತದ" ಅಂದ. ನೀರು ಕುಡಿದ, ಅದೂ ನಿಧಾನವಾಗಿ ಇಳಿಯಿತು. ಕಾಕು ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಅವರು ಶಹರಕ್ಕೆ ಬಂದದ್ದೆಲ್ಲ ಸೇಡಂ ರಸ್ತೆಯ ಆಸ್ಪತ್ರೆಗೆ. ಅನ್ನನಾಳದಲ್ಲಿ ಗಡ್ಡೆ, ಅದೂ ಕೆಟ್ಟ ಜಾತಿಯದು. ಹೊಟ್ಟೆಗೆ ನಳಿಗೆ ಕೂರಿಸಿದರು. ಗಂಜಿ, ಹಾಲು ಎಲ್ಲ ಅದರಲ್ಲೇ. ಬಾಯಿಂದ ಒಂದು ಅಗುಳೂ ಹೋಗಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಕಾಕಾ ಅವರನ್ನೇ ಸಮಾಧಾನ ಮಾಡುವವನಂತೆ, "ಬಾಯಿ ಅದ, ನಾಲಿಗಿ ಅದ, ದಾರಿ ಬಂದ್ ಆಗ್ಯದ, ಅಷ್ಟೇ ಅಲ್ಲೇನ್ರಿ" ಅಂದ. ನಾನು ಅಲ್ಲಿ ಅಳಲಿಲ್ಲ. ಕೆಲವು ವಾರಗಳ ನಂತರ ಅವನ ಕೈ ಹಿಡಿದು ಕೂತಿದ್ದಾಗ ಉಗುರು ನೋಡಿದೆ. ಹಳದಿ ಹೋಗಿ ಬೆಳ್ಳಗಾಗಿತ್ತು. ಆಗ ಹೊರಗೆ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ಮೇಲೆ ಕಾಕಾ ಒಂದೇ ಒಂದು ಬೇಡಿಕೆ ಇಟ್ಟ. "ದವಾಖಾನಿಗಿ ಬ್ಯಾಸರ ಬರೂವಷ್ಟು ಕರಕೊಂಡು ಹೋಗೀರಿ. ಒಮ್ಮೆ ನಾಷ್ಟಾಕ್ಕ ಕರಕೊಂಡು ಹೋಗ್ರಿ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡು, "ನಿಮ್ಮ ಮುಂದ ಕುಂತು ನಾವು ಹ್ಯಾಂಗ ತಿನ್ನೂಣ್ರಿ?" ಅಂದಳು.

"ಇಷ್ಟ ದಿನ ಹ್ಯಾಂಗ ತಿಂದೀರಿ? ಹಂಗೇ."

ಅಪ್ಪ ಬೇಡವೆಂದ, ನನ್ನ ಗಂಡ ಬೇಡವೆಂದ. ಕಾಕಾ ಹಟ ಬಿಡಲಿಲ್ಲ. ಕಡೆಗೆ ಒಂದು ಆದಿತ್ಯವಾರ ಕಾರು ಮಾಡಿಕೊಂಡು ಹೋದೆವು. ಬಾಳೆಯ ಹಣಿಗೆ ಅವನ ಮಡಿಲಲ್ಲಿತ್ತು. ಮಾಲಕರು ಅವನನ್ನು ನೋಡಿ ಬಾಣಲೆ ಬಿಟ್ಟು ಬಂದು ಕೈ ಹಿಡಿದರು. ಬೆಂಚಿನ ತುದಿಗೆ, ಅವನ ಜಾಗದಲ್ಲೇ ಕೂರಿಸಿದೆವು. ಸುಸಲಾ ಬಂತು. ಮಗಳು ಒಂದು ತುತ್ತು ತಿಂದು ಪಕ್ಕಕ್ಕೆ ದಾಟಿಸಿದಳು. ಪ್ಲೇಟು ಸುತ್ತಿತು, ಆದರೆ ಯಾರೂ ತಲೆ ಎತ್ತುತ್ತಿಲ್ಲ.

"ಮಂದಿ ಮಣ್ಣಿಗಿ ಬಂದಂಗ ಕುಂತೀರಲ್ಲ. ಹ್ಯಾಂಗದ, ಹೇಳ್ರಿ" ಎಂದು ಕಾಕಾ ಗೊಗ್ಗರು ದನಿಯಲ್ಲಿ ಗದರಿಸಿದ.

ಮಗಳು ಹೆದರುತ್ತಲೇ, "ಉಪ್ಪ ಕಮ್ಮಿ ಅದ ಅಜ್ಜಾ, ಖಾರ ಆಮ್ಯಾಲ ಹತ್ತತದ" ಅಂದಳು. ಕಾಕಾ ಕಣ್ಣು ಮುಚ್ಚಿಕೊಂಡ. ಅವನ ದವಡೆ ಮೆಲ್ಲಗೆ ಆಡಿತು, ತಾನೇ ಅಗಿಯುತ್ತಿದ್ದಾನೆ ಅನ್ನುವ ಹಾಗೆ. ಆಮೇಲೆ ಒಬ್ಬೊಬ್ಬರೂ ಹೇಳಿದೆವು. ಅಪ್ಪನೂ ಹೇಳಿದ, ಕಾಕು ಅಳುತ್ತಲೇ ಹೇಳಿದಳು.

ಪ್ಲೇಟು ಅವನ ಮುಂದೆ ಬಂತು. ಉಳಿದ ತುತ್ತನ್ನು ಬೆರಳಲ್ಲಿ ಒಟ್ಟು ಮಾಡಿದ, ಮೂಗಿನ ಹತ್ತಿರ ಹಿಡಿದು ವಾಸನೆ ತೆಗೆದುಕೊಂಡ. ಬಾಯಿಗಿಟ್ಟುಬಿಡುತ್ತಾನೋ ಎಂದು ನಮ್ಮ ಜೀವ ಹಾರಿತು. ಅವನು ನನ್ನ ಕಡೆ ತಿರುಗಿ ಕೈ ಚಾಚಿದ. "ತಗೋ ಯವ್ವಾ. ಇನ್ನ ಮ್ಯಾಲ ಕಡೀ ಪಾಳಿ ನಿಂದು."

ಅವನ ಕೈಯಿಂದಲೇ ತಿಂದೆ. ಆರಿ ತಣ್ಣಗಾಗಿತ್ತು. ಚುರುಮುರಿ ಮುದ್ದೆಯಾಗಿತ್ತು, ಪುಟಾಣಿ ಹಿಟ್ಟು ಅಂಗುಳಿಗೆ ಅಂಟಿತು. ಒಂದು ಶೇಂಗಾ ಇಲ್ಲ, ಉಳ್ಳಾಗಡ್ಡಿಯ ಚೂರಿಲ್ಲ, ಎಲ್ಲ ಮುಂದಿನವರು ಆರಿಸಿಕೊಂಡಿದ್ದರು. ಮಸಾಲೆ ಇಳಿದಿರಲಿಲ್ಲ, ಏನೂ ಇಳಿದಿರಲಿಲ್ಲ. ಇದನ್ನೇ ಈ ಮನುಷ್ಯ ಇಷ್ಟು ವರ್ಷ ಎದೆಗವಚಿಕೊಂಡು ತಿಂದಿದ್ದ.

"ಹ್ಯಾಂಗದ?" ಅಂದ.

ಅವನ ಮುಖ ನೋಡಿದೆ. "ಛಲೋ ಅದ ಕಾಕಾ" ಅಂದೆ. ಛಲೋ ಅಂದ್ರೇನು ಎಂದು ಅವನು ಕೇಳಲಿಲ್ಲ.

ತೋಟದ ಗೊನೆಗಳು ಬಲಿಯುವ ಮೊದಲೇ ಕಾಕಾ ಹೋದ. ಮಣ್ಣಿಗೆ ಬಂದ ಮಂದಿಯ ನಡುವೆ ಗಂಜಿನ ಹೋಟೆಲಿನ ಮಾಲಕರೂ ನಿಂತಿದ್ದರು.

ಈಗಲೂ ಆದಿತ್ಯವಾರ ಹೋಗುತ್ತೇವೆ. ಪ್ಲೇಟು ಸುತ್ತುತ್ತದೆ, ಕಡೆಗೆ ನನ್ನ ಮುಂದೆ ಬರುತ್ತದೆ. ಮೊನ್ನೆ ಮಗಳು, ಈ ಸಾರಿ ಕಡೆಯ ಪಾಳಿ ತನಗೆ ಬೇಕೆಂದು ಹಟ ಹಿಡಿದಳು. ನಾನು ಪ್ಲೇಟು ಹತ್ತಿರ ಎಳೆದುಕೊಂಡೆ. "ಹುಚ್ಚಿ, ಮಸಾಲಿ ಎಲ್ಲಾ ಕೆಳಗ ಇಳದಿರ್ತದ, ಬಿಟ್ಟುಕೊಡಂಗಿಲ್ಲ" ಅಂದೆ. ಎಂಥ ಜಿಪುಣಿ ಅವ್ವ ಎಂದು ಅವಳು ಮುಖ ತಿರುಗಿಸಿದಳು.