ರುಚಿಯಣ್ಣನ ನಾಲಿಗೆ

ಟಿಣ್ ಟಿಣ್ ಎಂದು ಚಮಚ ಗಾಜಿನ ಲೋಟದ ಅಂಚಿಗೆ ಎರಡು ಸಲ ಬಡಿಯಿತು. ಬೆಳಗಿನ ಟೀ ಇಳಿದಿದೆ, ಬಾ ಎಂದು ಕರೆಯುವ ಸದ್ದು ಅದು. ಹೊಲಿಗೆ ಮಷಿನ್ ರಿಪೇರಿಯವನು ಬ್ಯಾಗನ್ನು ಹೆಗಲಿಗೇರಿಸಿಕೊಂಡು ರಸ್ತೆ ದಾಟಿದ. ಇಪ್ಪತ್ತೆರಡು ವರ್ಷಗಳಿಂದ ಈ ಅಂಗಡಿಯ ಮೊದಲ ಲೋಟ ಅವನದೇ. ಅವನು ಗುಟುಕರಿಸಿ ಹೂಂ ಅಂದ ಮೇಲೆಯೇ ಉಳಿದವರಿಗೆ.

ಅವನ ನಿಜವಾದ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ರುಚಿಯಣ್ಣ. ಯಾವ ಗಲ್ಲಿಯ ದರ್ಜಿಯ ಮಷಿನ್ ಹೊಲಿಗೆ ಬಿಡುತ್ತದೆ ಎಂಬುದರ ಜೊತೆಗೆ, ಆ ಗಲ್ಲಿಯಲ್ಲಿ ಏನು ತಿನ್ನಬೇಕು ಎಂಬುದೂ ಅವನಿಗೆ ಬಾಯಿಪಾಠ. ಬಸ್ ನಿಲ್ದಾಣದ ಹಿಂದಿನ ಬೇಕರಿಯ ಬ್ರೆಡ್ ಹತ್ತು ಗಂಟೆಯೊಳಗೆ ತಿಂದರೆ ಮಾತ್ರ ಬ್ರೆಡ್. ಸೇತುವೆಯ ಪಕ್ಕದ ಮುದುಕ ನಿಂಬೆಯನ್ನು ಪೂರ್ತಿ ಹಿಂಡುವುದಿಲ್ಲ. ಕೊನೆಯ ನಾಲ್ಕು ಹನಿ ಕಹಿ ಎಂದು ಬಿಡುತ್ತಾನೆ, ಅದಕ್ಕೇ ಶರಬತ್ತು ಅಲ್ಲೇ ಕುಡಿಯಬೇಕು. ತರಕಾರಿ ಸೂಪು ಇದೇ ಬೀದಿಯ ಅಕ್ಕನದು. ಹೀಗೆ ಹೇಳಿ ಹೇಳಿ, ಅಂಗಡಿಯವರೂ ಅವನ ಮುಖ ನೋಡಿಯೇ ಒಲೆ ಉರಿಸುವುದನ್ನು ಕಲಿತಿದ್ದರು.

ಇವತ್ತು ಒಂದು ಗುಟುಕು ಕುಡಿದು ಅವನು ಲೋಟದೊಳಗೆ ಇಣುಕಿದ. ಪಾಕ ಕುಡಿದ ಹಾಗಿತ್ತು.

"ಹೇಗಿದೆ ಅಣ್ಣ?" ಟೀ ಅಂಗಡಿಯವನು ಕೇಳಿದ.

"ಇದೆ."

"ಇದೆ ಅಂದ್ರೆ?"

"ಟೀ ಇದೆ."

"ಲೋಟದಲ್ಲಿ ಟೀ ಇದೆ ಅಂತ ಹೇಳೋಕೆ ನೀನೇ ಬರಬೇಕಿತ್ತಾ?" ಎಂದು ಅವನು ನಕ್ಕು ಉಳಿದ ಲೋಟಗಳನ್ನು ತುಂಬಿಸತೊಡಗಿದ.

ರುಚಿಯಣ್ಣನಿಗೆ ನಗು ಬರಲಿಲ್ಲ. ಎರಡು ವಾರ ಕಾಡಿದ ನೆಗಡಿ ಬಿಟ್ಟು ನಾಲ್ಕು ದಿನವಾಗಿತ್ತು. ಅವತ್ತಿನಿಂದ ಟೀ ಅತಿ ಸಿಹಿ, ಶರಬತ್ತು ಅತಿ ಹುಳಿ. ಒಂದು ಅಂಗಡಿ ಕೆಡಬಹುದು. ಎಲ್ಲವೂ ಒಟ್ಟಿಗೆ ಕೆಟ್ಟರೆ ಕೆಟ್ಟಿರುವುದು ಅಂಗಡಿಯಲ್ಲ, ನಾಲಿಗೆ. ನಾಲಿಗೆಯೇ ಹೋದ ಮೇಲೆ ರುಚಿಯಣ್ಣ ಅನ್ನುವ ಹೆಸರಿನೊಳಗೆ ಉಳಿಯುವುದು ಯಾರು?

ಆದರೆ ಮನೆ ಊಟ ಎಂದಿನಂತೆಯೇ ಇತ್ತು. ಗೊಂದಲ ಶುರುವಾದದ್ದೇ ಅಲ್ಲಿ. ಹಿಂದಿನ ದಿನ ಹೆಂಡತಿಗೆ ಹೇಳಿಕೊಂಡಿದ್ದ.

"ನಿನ್ನ ಅಡಿಗೆ ಸರಿಯಾಗೇ ಇದೆ. ಹೊರಗಡೆದೇ ಏನೋ ಗೊತ್ತಾಗ್ತಿಲ್ಲ."

ಅವಳು ಸೌಟು ಕೆಳಗಿಟ್ಟಳು. "ಮದುವೆಯಾದಾಗಿನಿಂದ ಮೊದಲ ಸಲ ಸರಿ ಇದೆ ಅಂದ್ರಿ. ನಾಳೆನೇ ಡಾಕ್ಟರ ಹತ್ರ ಹೋಗಿ."

"ತಮಾಷೆ ಬೇಡ ಕಣೆ."

"ತಮಾಷೆ ಯಾರು ಮಾಡಿದ್ರು? ನೀವು ಹೇಳಿದ ಹಾಗೆ ಉಪ್ಪು ಹಾಕೋಕೆ ನಾನೇನು ಹೋಟೆಲ್ ಇಟ್ಟಿದ್ದೀನಾ?"

ಮಧ್ಯಾಹ್ನದವರೆಗೆ ಅವನು ಒಬ್ಬ ದರ್ಜಿಯ ಹಳೆಯ ಮಷಿನ್ ಬಿಚ್ಚಿ ಕೂತ. ಮಷಿನ್ ಯಾರ ಮಾತನ್ನೂ ನಂಬುವುದಿಲ್ಲ; ಸ್ಕ್ರೂ ಅರ್ಧ ಸುತ್ತು ಹೆಚ್ಚು ಬಿಗಿದರೆ ದಾರ ಅಲ್ಲೇ ಕಡಿಯುತ್ತದೆ. ಅದರ ಮುಂದೆ ಕೂತಷ್ಟು ಹೊತ್ತು ಮನಸ್ಸಿಗೆ ಸಮಾಧಾನ. ಕೈ ತೊಳೆದು ಸೂಪಿನಕ್ಕನ ಅಂಗಡಿಗೆ ಬಂದ.

ಮೊದಲ ಚಮಚಕ್ಕೇ ಕೆಮ್ಮು ಬಂತು. ಬಟ್ಟಲನ್ನು ಮೆಲ್ಲಗೆ ಸರಿಸಿದ.

"ಅಕ್ಕ, ನನ್ನ ನಾಲಿಗೆ ಹೋಯ್ತು ಅನ್ಸುತ್ತೆ."

"ಏನಾಯ್ತಪ್ಪ?"

"ನಿನ್ನ ಸೂಪು ಬಾಯಿಗಿಡೋಕೆ ಆಗ್ತಿಲ್ಲ. ಬರೀ ಉಪ್ಪು."

ಅಕ್ಕ ಸಿಟ್ಟಾಗಲಿಲ್ಲ. ಅವನನ್ನೇ ದಿಟ್ಟಿಸಿದಳು. "ನೀನೇ ಹೇಳಿದ್ದಲ್ವಾ?"

"ನಾನಾ?"

"ಮೂಗು ಕಟ್ಟಿಕೊಂಡು ಬಂದೆ. ಸಪ್ಪೆ ಅಂದೆ. ಒಂದು ಚಮಚ ಜಾಸ್ತಿ ಹಾಕ್ದೆ. ಮಾರನೇ ದಿನ ಬಂದು ಮತ್ತೆ ಸಪ್ಪೆ ಅಂದೆ. ಇನ್ನೊಂದು ಹಾಕ್ದೆ. ಮೂರನೇ ದಿನ ಸುಮ್ಮನೆ ಕುಡಿದು ಹೋದೆ. ಅಷ್ಟಕ್ಕೆ ನಿಲ್ಲಿಸ್ದೆ."

"ನೀನು ರುಚಿ ನೋಡ್ಲಿಲ್ವಾ?"

"ನೋಡ್ದೆ. ಉಪ್ಪು ಅನ್ಸ್ತು. ನೀನೇ ಸಪ್ಪೆ ಅಂದ ಮೇಲೆ ನನ್ನ ನಾಲಿಗೇನೇ ಕೆಟ್ಟಿದೆ ಅಂದ್ಕೊಂಡೆ."

ರುಚಿಯಣ್ಣ ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ನಾಲಿಗೆ ನೆಟ್ಟಗಿದೆ. ಸಂತೋಷಪಡಬೇಕಿತ್ತು. ಆದರೆ ಆ ಎರಡು ವಾರ ಅವನು ಎಲ್ಲೆಲ್ಲಿ ಏನೇನು ಹೇಳಿದ್ದನೋ. ಟೀಗೆ ಸಕ್ಕರೆ ಸಾಲದು ಅಂದದ್ದು ನೆನಪಾಯಿತು. ಸೇತುವೆಯ ಮುದುಕನಿಗೆ ಇನ್ನೂ ಹಿಂಡು ಅಂದದ್ದೂ. ಪಾಪ, ಆ ನಾಲ್ಕು ಹನಿಯನ್ನೂ ಅವನು ಹಿಂಡಿರಬೇಕು.

"ಗಿರಾಕಿಗಳು ಏನೂ ಅನ್ನಲಿಲ್ವಾ?"

"ಮೊದಲು ಮುಖ ಕಿವುಚಿದ್ರು. ರುಚಿಯಣ್ಣ ಹೇಳಿದ ಹದ ಇದು ಅಂದೆ. ಈಗ ಎರಡೆರಡು ಬಟ್ಟಲು ಕುಡೀತಾರೆ. ಮೇಲೆ ಒಂದೊಂದು ಚೊಂಬು ನೀರು."

ಮೂಲೆಯಲ್ಲಿದ್ದ ಪುಸ್ತಕ ಬೈಂಡಿಂಗಿನವನು ಬಟ್ಟಲಿನಿಂದ ತಲೆ ಎತ್ತದೆ, "ಈಗಲೇ ಚೆನ್ನಾಗಿರೋದು ಅಕ್ಕ, ಮುಟ್ಟಬೇಡ. ದೊಡ್ಡವರ ಬಾಯಿಂದ ಬಂದ ಹದ," ಅಂದ.

ಇದು ಹೊಗಳಿಕೆಯೋ ಕುಟುಕೋ ರುಚಿಯಣ್ಣನಿಗೆ ತಿಳಿಯಲಿಲ್ಲ. ಇವನಿಗೆ ಹಿಡಿಸಿದ್ದು ಸೂಪೋ, ತನ್ನ ಹೆಸರೋ? ಹಾಗಿದ್ದರೆ ಇಷ್ಟು ವರ್ಷ ಊರಿನವರು ಚಪ್ಪರಿಸಿದ್ದು ಏನನ್ನು?

"ಸಂಜೆಗೆ ಪಾತ್ರೆ ಇಡ್ಬೇಕು," ಅಕ್ಕ ಸೌಟು ಹಿಡಿದು ನಿಂತಳು. "ಉಪ್ಪು ಇಳಿಸ್ಲಾ, ಹೀಗೇ ಬಿಡ್ಲಾ? ನೀನು ಹೇಳಿದ ಹಾಗೆ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಎದುರು ಸಾಲಿನಿಂದ ಟಿಣ್ ಟಿಣ್ ಕೇಳಿತು. ಮಧ್ಯಾಹ್ನದ ಟೀ ಇಳಿದಿತ್ತು, ಇನ್ನೂ ಯಾರ ಲೋಟಕ್ಕೂ ಹೋಗಿರಲಿಲ್ಲ. ಅವನು ಬಾಯಿ ಮುಚ್ಚಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎದ್ದ.

"ಹೇಳಿ ಹೋಗಪ್ಪ," ಅಂದಳು ಅಕ್ಕ. "ಒಂದು ಚಮಚ ಇಳಿಸಿದ್ರೆ ಸಾಕಾ, ಎರಡೂನಾ? ಇಲ್ಲ ಒಂದೂವರೆ ಇಳಿಸಿ..."

ಅವನು ಆಗಲೇ ಮೆಟ್ಟಿಲಿಳಿದು, ಸೈಕಲ್ಲುಗಳ ನಡುವೆ ದಾರಿ ಮಾಡಿಕೊಂಡು, ಅರ್ಧ ರಸ್ತೆ ದಾಟಿದ್ದ.